ಫೋನಿಗೆ ಹತ್ತಿದ ಅಡುಗೆ ಹುಚ್ಚು

ಫೋನು ತೆರೆದರೆ ಚಾಕು. ಸುದ್ದಿ ಓದಲು ಹೋದರೆ ಬಾಣಲೆ. ಮಳೆ ಬರುತ್ತದೋ ಇಲ್ಲವೋ ನೋಡೋಣವೆಂದರೆ "ಮನೆಯವರ ಹೊಟ್ಟೆ ತುಂಬಿಸಿ, ಇಂದೇ ಅಡುಗೆ ಕಲಿಯಿರಿ" ಎಂದು ಧುತ್ತೆಂದು ಎದುರಾಗುವ ಜಾಹೀರಾತು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಕೂತಿದ್ದ ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾದಾಗಿನಿಂದ ಒಲೆ ಮುಂದೆ ಬೇಯುತ್ತಿರುವವಳಿಗೆ ಈ ಫೋನೂ ಬುದ್ಧಿ ಹೇಳಬೇಕೇ?

ಅದೂ ಇವತ್ತು. ಮಕ್ಕಳ ವಾರ್ಡಿನಲ್ಲಿ ಸಂಜೆ ಪಾಳಿಯ ಮುಖ್ಯ ನರ್ಸ್ ಆಗುತ್ತೀಯಾ ಎಂದು ಮೇಟ್ರನ್ ಹೋದ ತಿಂಗಳೇ ಕೇಳಿದ್ದರು. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಅವಳು ಎಷ್ಟೋ ಕಾಲದಿಂದ ಆಸೆಪಟ್ಟ ಕೆಲಸವದು. ಆದರೆ ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಾನೆ. ಉಳಿಯುವವರು ಶಾಲೆಗೆ ಹೋಗುವ ಮಗಳು, ಮತ್ತೆ ಮಾವ. ಮಾವನೋ, ಕೈ ನಡುಕ ಬಂದು ಕ್ಷೌರದಂಗಡಿ ಮುಚ್ಚಿದ ಮೇಲೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳದವರು. ಅವರು ಒಲೆ ಹಚ್ಚಿದ್ದನ್ನು ಯಾರೂ ಕಂಡಿಲ್ಲ. ರಾತ್ರಿ ಊಟಕ್ಕೆ ಯಾರು ದಿಕ್ಕು? ಬೇಡ ಎಂದೇ ಹೇಳಿಬಿಡುವುದೆಂದು ತೀರ್ಮಾನಿಸಿದ್ದಳು.

"ನೋಡೇ, ನನ್ನ ಫೋನಿಗೆ ಅಡುಗೆ ಹುಚ್ಚು ಹಿಡಿದಿದೆ" ಎಂದು ಪಕ್ಕದಲ್ಲಿದ್ದ ಎಕ್ಸ್‌ರೇ ವಿಭಾಗದ ಹುಡುಗಿಗೆ ತೋರಿಸಿದಳು. "ಗಂಡಂದೇ ಕಿತಾಪತಿ ಇರ್ಬೇಕು. ನನ್ನ ಕೈರುಚಿ ಸಾಕಾಗಿದೆ ಮಹಾರಾಯನಿಗೆ."

ಹುಡುಗಿ ನಕ್ಕಳು. "ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ ಅಕ್ಕ. ಯಾರೋ ಅಡುಗೆ ಕಲಿಸೋ ವೆಬ್‌ಸೈಟಿಗೆ ಹೋಗಿದಾರೆ. ಒಳಗೆ ಹೋದ ಕೂಡ್ಲೇ ಕುಕೀಸ್‌ಗೆ ಒಪ್ಪಿಗೇನಾ ಅಂತ ಕೇಳುತ್ತಲ್ಲ, ಹೂಂ ಅಂದ್ರೆ ಮುಗೀತು. ಏನು ನೋಡಿದ್ರು, ಎಲ್ಲಿ ನಿಲ್ಸಿದ್ರು, ಎಲ್ಲಾ ನೆನಪಿಟ್ಕೊಂಡು ಬೆನ್ನು ಹತ್ತುತ್ತೆ. ನಿಮ್ಮ ಇಮೇಲ್ ಇರೋ ಫೋನ್ ಇನ್ನೊಂದಿದ್ಯಾ?"

ಇತ್ತು. ಹಳೆಯ ಫೋನನ್ನು ಏನೂ ಅಳಿಸದೆ ಮಾವನಿಗೆ ಕೊಟ್ಟಿದ್ದಳು.

ಜಾಹೀರಾತನ್ನು ಒತ್ತಿದಳು. "ಮತ್ತೆ ಬಂದಿರಾ? ಬಿಟ್ಟಲ್ಲಿಂದ ಮುಂದುವರಿಸಿ" ಎಂದಿತು ವೆಬ್‌ಸೈಟು. ಕೆಳಗೆ ನೋಡಿ ಮುಗಿಸಿದ ಪಾಠಗಳಿದ್ದವು. ಒಲೆ ಹಚ್ಚುವುದು. ಮೊಟ್ಟೆ ಬೇಯಿಸುವುದು. ಮಕ್ಕಳು ಹಟ ಮಾಡದೆ ತಿನ್ನುವ ರಾತ್ರಿಯೂಟ. ಮುಗಿಯದೆ ಉಳಿದದ್ದು ಒಂದೇ, ಮತ್ತೆ ಮತ್ತೆ ನೋಡಿದ್ದೂ ಅದೊಂದೇ: ಕೈ ನಡುಗುವವರು ತರಕಾರಿ ಹೆಚ್ಚುವುದು ಹೇಗೆ.

ಮೊನ್ನೆ ಮಾವ ಹೆಬ್ಬೆರಳು ಬಾಗಿಲಿಗೆ ಸಿಕ್ಕಿತೆಂದಿದ್ದರು. ಪಟ್ಟಿ ಕಟ್ಟಿದವಳು ಅವಳೇ. ದಿನಾ ಗಾಯ ನೋಡುವವಳು, ಚಾಕುವಿನ ಗಾಯವನ್ನು ಗುರುತಿಸಲಿಲ್ಲವಲ್ಲ! ಛೇ, ತನ್ನ ಕಣ್ಣಿಗೆ ಏನಾಗಿತ್ತು ಎಂದು ತನ್ನನ್ನೇ ಬೈದುಕೊಂಡು ಫೋನು ಹಚ್ಚಿದಳು.

"ಏನ್ ಮಾಡ್ತಿದೀರಿ ಮಾವ?"

"ಏನಿಲ್ಲಮ್ಮ, ಸುಮ್ನೆ ಕೂತಿದೀನಿ." ಹಿಂದೆ ಎಣ್ಣೆಯಲ್ಲಿ ಏನೋ ಚುರ್ರೆಂದಿತು.

"ಆ ವೆಬ್‌ಸೈಟಲ್ಲಿ ಒಪ್ಪಿಗೆ ಅಂತ ಯಾಕೆ ಒತ್ತಿದ್ರಿ? ನಿಮ್ಮ ಗುಟ್ಟೆಲ್ಲ ನನ್ನ ಫೋನಿಗೆ ಬಂದು ಕೂತಿದೆ."

ಆ ಕಡೆ ಒಲೆ ಆರಿಸಿದ ಸದ್ದಾಯಿತು. "ಅಯ್ಯೋ ದೇವರೇ! ಅಷ್ಟು ಮರ್ಯಾದೆಯಾಗಿ ಕೇಳ್ತಮ್ಮ. ಅಂಗಡಿಗೆ ಬಂದೋರಿಗೆ ಒಂದಿನ ಆಗಲ್ಲ ಅಂದವನಲ್ಲ ನಾನು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ." ಮಾವ ದನಿ ತಗ್ಗಿಸಿದರು. "ಆ ಕೆಲಸ ಬೇಡ ಅಂತ ನೀನು ನನ್ನ ಮಗನ ಹತ್ರ ಫೋನಲ್ಲಿ ಹೇಳ್ತಿದ್ದೆ, ಕೇಳಿಸ್ತು. ನನ್ನಿಂದಾಗಿ ನಿನ್ನ ಆಸೆಗೆ ಕಲ್ಲು ಬೀಳ್ಬಾರ್ದು ಅಂತ... ತರಕಾರಿ ಇನ್ನೂ ಸ್ವಲ್ಪ ದಪ್ಪ ದಪ್ಪಗೇ ಹೆಚ್ತೀನಿ. ತೆಳ್ಳಗೆ ಬರೋವರ್ಗೂ ನಿನಗೆ ಹೇಳೋದು ಬೇಡ ಅಂತಿದ್ದೆ."

ಅವಳಿಗೆ ಅಳು ಬಂತು, ನಗುವೂ ಬಂತು.

"ದಪ್ಪಗೇ ಇರ್ಲಿ ಮಾವ. ಅಗಿಯೋಕೆ ನಮಗೆ ಹಲ್ಲಿದೆ" ಎಂದಳು. ಮುಖ ಒರೆಸಿಕೊಂಡು ಎದ್ದವಳು ನೆಟ್ಟಗೆ ಹೋಗಿ ಮೇಟ್ರನ್ ಕೋಣೆಯ ಬಾಗಿಲು ತಟ್ಟಿದಳು.