ಗೋಲು ಬಿಟ್ಟುಕೊಟ್ಟವನ ಹೆಂಡತಿ

ಮಾಂಸದಂಗಡಿಯ ಸ್ಟ್ಯಾನ್ಲಿ ನನ್ನನ್ನು ಕಂಡರೆ ಬಾಯಿ ಮುಚ್ಚಿಕೊಂಡಿರಲಾರ. ಆವತ್ತೂ ಅಷ್ಟೆ. ಸಾಲಿನಲ್ಲಿ ನನ್ನ ಸರದಿ ಬಂದಾಗ, "ಏನ್ ಮೋರೀನಕ್ಕ, ನೀವೇ ತಗೋತೀರೋ, ಇಲ್ಲ ಹಿಂದಿರೋರಿಗೆ ಮೊದ್ಲು ಬಿಟ್‌ಕೊಡ್ತೀರೋ? ನಿಮ್ಮನೇಲಿ ಅದೇ ಪದ್ಧತಿ ಅಲ್ವಾ?" ಎಂದ. ಹಿಂದಿದ್ದವರು ಕಿಸಕ್ಕೆಂದರು.

"ನನ್ ಗಂಡ ಸರಿಯಾದ್ದನ್ನೇ ಮಾಡ್ದ. ಆ ಮಾತು ನಿನ್ ತಕ್ಕಡಿ ಬಗ್ಗೆ ಹೇಳೋಕಾಗುತ್ತಾ?" ಎಂದೆ. ಸಾಸೇಜ್ ಕಟ್ಟಿಸಿಕೊಂಡು ಬಂದೆ. ಎಂಟು ವರ್ಷಗಳಿಂದ ಈ ಊರಿನಲ್ಲಿ ನನಗೆ ಇದೇ ಕೆಲಸ.

ನನ್ನ ಗಂಡ ಡೆರಿಕ್ ಓಲ್‌ರಾಯ್ಡ್ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ. ವಿಶ್ವಕಪ್ಪಿಗೆ ಹೋಗಬೇಕಾದರೆ ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಎದುರಿಗಿದ್ದದ್ದು ನಕ್ಷೆಯಲ್ಲಿ ಹುಡುಕಬೇಕಾದಂಥ ದೇಶ. ಆಟ ಮುಗಿಯುತ್ತ ಬಂದಾಗ ನಮ್ಮವನೊಬ್ಬ ಕಾಲು ಹಿಡಿದುಕೊಂಡು ಬಿದ್ದ. ಅವರು ಮರ್ಯಾದೆಯಾಗಿ ಚೆಂಡನ್ನು ಗೆರೆಯಾಚೆ ಒದ್ದು ಆಟ ನಿಲ್ಲಿಸಿದರು. ಹಾಗೆ ಮಾಡಿದವರಿಗೆ ಚೆಂಡನ್ನು ತಿರುಗಿ ಕೊಡಬೇಕು. ನಿಯಮದ ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ, ಆದರೆ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ನಮ್ಮ ಕಡೆ ಆಗಷ್ಟೇ ಬದಲಿಯಾಗಿ ಬಂದ ಹುಡುಗನೊಬ್ಬ ಅದನ್ನು ಮರೆತ. ನಮ್ಮವರು ಒಳಗೆಸೆದ ಚೆಂಡನ್ನು ತಾನೇ ಕಾಲಿಗೆ ತೆಗೆದುಕೊಂಡು ಓಡಿ ಗೋಲು ಹೊಡೆದ.

ರೆಫರಿ ಗೋಲು ಕೊಟ್ಟುಬಿಟ್ಟ. ಡೆರಿಕ್ ಗೆರೆಯ ಬಳಿ ಬಂದು ಕ್ಯಾಪ್ಟನ್‌ನನ್ನು ಕರೆದು, ಅವರಿಗೂ ಒಂದು ಬಿಟ್ಟುಕೊಡಿ ಎಂದ. ನಮ್ಮವರು ಹನ್ನೊಂದು ಜನ ಸುಮ್ಮನೆ ನಿಂತರು. ಅವರ ಆಟಗಾರ ಪೇಟೆಗೆ ಹೊರಟವನ ಹಾಗೆ ನಡೆದುಕೊಂಡು ಹೋಗಿ ಚೆಂಡನ್ನು ಬಲೆಗೆ ಸೇರಿಸಿದ. ಒಂದಕ್ಕೊಂದು ಆಗಿ ಪಂದ್ಯ ಮುಗಿಯಿತು. ವಿಶ್ವಕಪ್ಪು ಕೈತಪ್ಪಿತು, ಡೆರಿಕ್‌ನ ಕೆಲಸವೂ ಹೋಯಿತು.

ಪತ್ರಿಕೆಗಳು ಅವನಿಗೆ ಹೋಟೆಲ್ ಬಾಗಿಲು ಕಾಯುವವನ ಟೋಪಿ ಹಾಕಿ ಚಿತ್ರ ಬರೆದವು. ಯಾರೋ ನಮ್ಮ ಗೇಟಿಗೆ ಬಾಗಿಲ ಹಿಡಿಕೆಯೊಂದನ್ನು ಕಟ್ಟಿ ಹೋದರು. ನಾನು ಬಿಂಗೋ ಆಟದ ಕೂಟದಲ್ಲಿ ಜಗಳವಾಡಿದೆ, ಚರ್ಚಿನಲ್ಲಿ ಜಗಳವಾಡಿದೆ, ಡೆಂಟಿಸ್ಟನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಜಗಳವಾಡಿದೆ. ನನ್ನ ಗಂಡ ಮರ್ಯಾದಸ್ಥ, ನೀವೆಲ್ಲ ಅಲ್ಲ ಎಂದೆ. ಗೆಳತಿಯರು ಒಬ್ಬೊಬ್ಬರಾಗಿ ದೂರವಾದರು. ಹೋಗಲಿ ಎಂದುಕೊಂಡೆ.

ಡೆರಿಕ್ ಮಾತ್ರ ಆ ಪಂದ್ಯದ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನು ಬಾಯಿ ತೆಗೆದರೆ ಸಾಕು, "ಚಹಾ ಇಡ್ಲಾ?" ಎಂದು ಎದ್ದುಬಿಡುತ್ತಿದ್ದ. ಸಿಟ್ಟಾಗಲಿಲ್ಲ, ಅಳಲಿಲ್ಲ, ನಗಲಿಲ್ಲ. ಮೊದಮೊದಲು ದುಃಖ ಎಂದುಕೊಂಡಿದ್ದೆ. ಬರಬರುತ್ತ ನನ್ನ ಮನಸ್ಸೂ ಜಡ್ಡುಗಟ್ಟಿತು.

ಹೀಗಿರುವಾಗ ಟ್ಯಾಮ್ಸಿನ್ ಎಂಬ ಹುಡುಗಿ ಲಂಡನ್ನಿನಿಂದ ಬಂದಳು. ಸಿನಿಮಾ ನಿರ್ದೇಶಕಿಯಂತೆ. ಕೈಲಾಗದ ಮ್ಯಾನೇಜರ್ ಒಬ್ಬನ ಮೇಲೆ ಹಾಸ್ಯಚಿತ್ರ ತೆಗೆಯುತ್ತಿದ್ದಳು.

"ಇದು ನಿಮ್ ಕತೆ ಅಲ್ಲ ಸಾರ್," ಎಂದಳು, ನಮ್ಮ ಬಿಸ್ಕತ್ತು ತಿನ್ನುತ್ತ. "ಆದ್ರೆ ಗೋಲು ಬಿಟ್‌ಕೊಡೋ ಸೀನ್ ಒಂದಿದೆ. ಅದು ಹೇಗಾಯ್ತು ಅಂತ ನಮ್ ಹುಡುಗ್ರಿಗೆ ನೀವೇ ತೋರಿಸ್‌ಕೊಟ್ರೆ ಚೆನ್ನಾಗಿರುತ್ತೆ. ಇಲ್ಲೇ, ನಿಮ್ಮೂರಿನ ಗ್ರೌಂಡಲ್ಲೇ ತೆಗೀತೀವಿ."

ನಾನಾಗಿದ್ದರೆ ಬಿಸ್ಕತ್ತಿನ ಸಮೇತ ಹೊರಗೆ ಕಳಿಸುತ್ತಿದ್ದೆ. ಡೆರಿಕ್, "ಆಗ್ಲಿ," ಎಂದ.

ಆ ಸಂಜೆ ಊಟಕ್ಕೆ ಕುಳಿತಾಗ ನಾನು ಹೇಳಿಯೇಬಿಟ್ಟೆ. "ನೋಡು ಡೆರಿಕ್. ಊರೋರು ನಕ್ಕಿದ್ದು ಸಾಲ್ದು ಅಂತ ಈಗ ಸಿನಿಮಾದೋರನ್ನೂ ನಗಿಸೋಕೆ ಹೋಗ್ತಿದ್ದೀಯ. ಹೋಗು. ಆದ್ರೆ ಅಲ್ಲಿಂದ ಬಂದ್ಮೇಲೂ ಚಹಾ ಇಡ್ಲಾ ಅಂದ್ರೆ ನಾನು ಸ್ಕಾರ್ಬರೋಗೆ ಹೋಗ್ತೀನಿ, ಅಕ್ಕನ್ ಮನೇಗೆ. ಮತ್ತೆ ಬರಲ್ಲ."

"ನಾನೇನ್ ಹೇಳ್ಬೇಕು ಅಂತೀಯ?"

"'ನಾನ್ ಮಾಡಿದ್ದು ಸರಿ' ಅನ್ನು. ಊರಿಗೆಲ್ಲ ನಾನ್ ಹೇಳ್ಕೊಂಡ್ ಬಂದಿರೋದನ್ನ ಒಂದ್ಸಲ ನೀನ್ ಹೇಳು. ಅಷ್ಟು ಸಾಕು."

ಅವನು ನನ್ನ ತಟ್ಟೆ ನೋಡಿದ. "ಬಟಾಣಿ ಇನ್ನೊಂದ್ ಸ್ವಲ್ಪ ಹಾಕ್ಲಾ?" ಎಂದ. ನಾನು ಅಟ್ಟದಿಂದ ಸೂಟ್‌ಕೇಸ್ ಇಳಿಸಿಟ್ಟೆ. ಇಳಿಸುವಾಗ ಕೋಪವೂ ಬರಲಿಲ್ಲ.

ಚಿತ್ರೀಕರಣದ ದಿನ ಮೈದಾನದಲ್ಲಿ ಕೊರೆಯುವ ಚಳಿ. ಮ್ಯಾನೇಜರನ ಪಾತ್ರಕ್ಕೆ ಗೈಲ್ಸ್ ಎಂಬ ನಟ ಬಂದಿದ್ದ. ತಲೆ ಬೋಳಾಗಿ ಕಾಣಲೆಂದು ರಬ್ಬರಿನ ಟೋಪಿ ಅಂಟಿಸಿಕೊಂಡಿದ್ದ. ನನ್ನ ಗಂಡನಿಗೆ ತಲೆತುಂಬ ಕೂದಲಿದೆ, ಇರಲಿ. ಅವನು ಡೆರಿಕ್‌ನ ಹತ್ತಿರ ಬಂದು, "ಆ ಹೊತ್ತಲ್ಲಿ ನಿಮ್ ಮನಸ್ಸಲ್ಲಿ ಏನಿತ್ತು ಸಾರ್?" ಎಂದು ಕೇಳಿದ.

"ಕಾಲು ತಣ್ಣಗಾಗಿತ್ತು," ಎಂದ ಡೆರಿಕ್.

ಅವರ ಕತೆಯಲ್ಲಿ ಎದುರಾಳಿ ಚೆಂಡು ತರುವಾಗ ನಮ್ಮ ಆಟಗಾರರು ಒಬ್ಬೊಬ್ಬರಾಗಿ ಸೊಂಟ ಬಗ್ಗಿಸಿ, "ತಾವು ಮೊದಲು, ತಾವು ಮೊದಲು" ಎನ್ನಬೇಕು. ಗೋಲ್‌ಕೀಪರ್ ಅಲ್ಲೊಂದು ಬಾಗಿಲಿದೆ ಎಂಬಂತೆ ಅದನ್ನು ತೆರೆದು ಹಿಡಿದು ನಿಲ್ಲಬೇಕು. ಮೊದಲ ಸಲ ಮಾಡಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೆರಿಕ್ ವಾಷಿಂಗ್ ಮೆಷಿನ್ ತಿರುಗುವುದನ್ನು ನೋಡುವವನ ಹಾಗೆ ನೋಡಿದ.

"ಆವತ್ತು ನಮ್ ಕೀಪರ್ ಬಾಗಿಲು ಗೀಗಿಲು ತೆಗೀಲಿಲ್ಲಮ್ಮ," ಎಂದ ಟ್ಯಾಮ್ಸಿನ್‌ಗೆ. "ಅಲ್ಲೇ ನಿಂತಿದ್ದ. ಕೈ ಇಳಿಸ್‌ಬಿಟ್ಟ, ಅಷ್ಟೇ. ಆಮೇಲೆ ನನ್ ಕಡೆ ನೋಡ್ದ."

"ಸರಿ ಸಾರ್, ಒಂದ್ಸಲ ಹಾಗೂ ತೆಗ್ಯೋಣ," ಎಂದಳು ಅವಳು. "ಯಾರೂ ಬಗ್ಗೋದ್ ಬೇಡ. ಸುಮ್ನೆ ನಿಲ್ಲಿ."

ಹುಡುಗರು ನಿಂತರು. ಎದುರಾಳಿಯ ಪಾತ್ರದವನು ಚೆಂಡು ತಳ್ಳಿಕೊಂಡು ನಡೆಯತೊಡಗಿದ. ಯಾರೂ ನಗಲಿಲ್ಲ. ನಾನು ಟಿವಿಯಲ್ಲಿ ನೋಡಿದ್ದು ಹೀಗೇ ಇತ್ತು. ಗೋಲ್‌ಕೀಪರ್ ಕೈ ಇಳಿಸಿ ಡೆರಿಕ್ ಕಡೆಗೆ ನೋಡಿದ.

"ಹಿಡಿಯೋ ಅವನ್ನ," ಎಂದು ಡೆರಿಕ್ ಕೂಗಿದ. "ಏನ್ ನೋಡ್ತಾ ನಿಂತಿದ್ದೀಯೋ ಕತ್ತೆ, ಮುಂದೆ ಬಾ, ಹಿಡಿಯೋ."

ಹುಡುಗ ಕಕ್ಕಾಬಿಕ್ಕಿಯಾಗಿ ನಿಂತ. ಡೆರಿಕ್ ಕೋಟು ಮಫ್ಲರಿನ ಸಮೇತ ಒಳಗೆ ನುಗ್ಗಿದ. ಮಂಡಿನೋವಿಗೆ ಮುಲಾಮು ಹಚ್ಚಿಸಿಕೊಂಡು ಬಂದಿದ್ದ ಮನುಷ್ಯ ಓಡಿ ಹೋಗಿ, ಗೆರೆಗೆ ಇನ್ನೇನು ಗೇಣಿದೆ ಎನ್ನುವಾಗ ಚೆಂಡನ್ನು ಒದ್ದ. ಅದು ಬೇಲಿ ದಾಟಿ ಕಾರು ನಿಲ್ಲಿಸುವ ಜಾಗಕ್ಕೆ ಬಿತ್ತು. ಅವನು ಕೆಸರಿನಲ್ಲಿ ಕುಳಿತುಬಿಟ್ಟ.

ಎಲ್ಲರೂ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. "ಯಜಮಾನ್ರೇ, ಇದನ್ನ ಆವತ್ತೇ ಮಾಡ್ಬಾರ್ದಿತ್ತಾ?" ಎಂದು ಹುಡುಗನೊಬ್ಬ ಕೈಕೊಟ್ಟು ಎಬ್ಬಿಸಿದ. ಟ್ಯಾಮ್ಸಿನ್ ಓಡಿ ಬಂದು, ಇದನ್ನು ಸಿನಿಮಾದಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಿದಳು.

"ಬೇಡಮ್ಮ," ಎಂದ ಡೆರಿಕ್. "ಬಾಗಿಲು ತೆಗ್ಯೋದೇ ಇರ್ಲಿ. ಅದೇ ಚೆನ್ನಾಗಿದೆ."

ಮನೆಗೆ ವಾಪಸ್ಸು ಕಾರು ನಾನೇ ಓಡಿಸಿದೆ. ಅವನ ಪ್ಯಾಂಟಿನ ಕೆಸರು ಸೀಟಿಗೆಲ್ಲ ಮೆತ್ತಿತ್ತು. ಗ್ಯಾಸ್ ಕಂಪನಿಯ ತಿರುವು ದಾಟಿದ ಮೇಲೆ ಅವನು ತಾನಾಗಿಯೇ ಬಾಯಿ ತೆರೆದ.

"ತಪ್ ಮಾಡ್‌ಬಿಟ್ಟೆ ಕಣೇ."

ನಾನು ರಸ್ತೆ ನೋಡಿಕೊಂಡು ಓಡಿಸಿದೆ.

"ಬಿಟ್‌ಕೊಡಿ ಅಂತ ಹೇಳಿದ್ ತಕ್ಷಣ ತಪ್ಪು ಅನ್ನಿಸ್ತು. ಚೆಂಡು ತರ್ತಿದ್ದ ಅವ್ರ ಹುಡುಗ ಇನ್ನೂ ಅರ್ಧ ಮೈದಾನ ದಾಟಿರ್ಲಿಲ್ಲ. ಬೇಡ ಅಂತ ಕೂಗೋಕೆ ಬಾಯೂ ತೆಗ್ದೆ. ಆದ್ರೆ ಅಷ್ಟು ಜನ ಎದ್ ನಿಂತು ಚಪ್ಪಾಳೆ ತಟ್ತಿದ್ರು. ಈಗ ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ಸುಮ್ನಾದೆ. ಅಷ್ಟೇ ಮೋರೀನ್. ಮರ್ಯಾದೆನೂ ಅಲ್ಲ, ಗಿರ್ಯಾದೆನೂ ಅಲ್ಲ. ಸಂಕೋಚ."

"ಇದನ್ನ ಎಂಟು ವರ್ಷದಿಂದ ಯಾಕ್ ಹೇಳ್ಲಿಲ್ಲ?"

"ಹೇಗ್ ಹೇಳ್ಲಿ? ನೀನು ಬೀದಿ ಬೀದೀಲಿ ನಿಂತು ನನ್ ಪರ ಜಗಳ ಆಡ್ತಿದ್ದೆ."

ನನಗೆ ಏನಾದರೂ ಅನ್ನಿಸುತ್ತದೆ ಎಂದು ಕಾದೆ. ಕೋಪವಾದರೂ ಬರಲಿ ಎಂದು ಕಾದೆ. ಏನೂ ಬರಲಿಲ್ಲ. ಇಷ್ಟು ವರ್ಷ ಅವನ ಬಾಯಿ ಕಟ್ಟಿದ್ದು ಊರಲ್ಲ, ನಾನು. ಅದನ್ನು ತಿಳಿದುಕೊಂಡೆ, ಕೆಂಪು ದೀಪ ಕಂಡು ಬ್ರೇಕ್ ಹಾಕಿದೆ. ಅವನು ನನ್ನ ಕಡೆಗೇ ನೋಡುತ್ತಿದ್ದ.

"ಅವನ್ನ ಹಿಡೀಬೇಕಿತ್ತು," ಎಂದೆ.

"ಹಿಡೀಬೇಕಿತ್ತು ಅಲ್ವಾ?" ಎಂದ. ಆಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದ. ದೀಪ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರೂ ನಾನು ಕಾರು ಮುಂದಕ್ಕೆ ಬಿಡಲಿಲ್ಲ.