ನಖೀಲ್‌ನಲ್ಲಿ ಇಳಿದವರು

ಗುಲಾಬಿ ಗೆರೆಯ ಮೇಲೆ ಯಾರದೋ ಬೂಟು, ಅರ್ಧ ಈಚೆ ಅರ್ಧ ಆಚೆ, ಇದು ಹೆಂಗಸರ ಡಬ್ಬಿ ಅಂತ ಅವನಿಗೆ ಗೊತ್ತಿಲ್ಲವೇನೋ, ಬಿಡು, ನನಗೇನು, ರೈಲು ಯಾಕೆ ಇಷ್ಟು ನಿಧಾನ — ನಿಧಾನ ಅಲ್ಲ, ದಿನಾ ಇಷ್ಟೇ, ನನ್ನ ಎದೆಯೇ ಮುಂದೆ ಓಡುತ್ತಿದೆ — ಫೋನು ಹಚ್ಚಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ, ಆಗಲೇ ಒಮ್ಮೆ ಎತ್ತಿದಾಗ ಎಷ್ಟು ಸಮಾಧಾನದ ದನಿ ಇವರದು, ನೀಲಾ, ನಾ ನಖೀಲ್‌ನ್ಯಾಗ ಇಳಿದೇನಿ, ಅಂದರು, ಕೆಲಸಕ್ಕ ಹೋಗಿಲ್ಲೇನ್ರಿ ಅಂದೆ, ಮುಂದ ಲೈನ್ ಎಲ್ಲೈತಿ, ಇಲ್ಲಿಗೇ ಮುಗೀತಲ್ಲ, ಅಂದರು, ಆಮೇಲೆ ಗದ್ದಲ, ಆಮೇಲೆ ಕಟ್. ನಖೀಲ್. ಆ ಹೆಸರಿನ ಸ್ಟೇಷನ್ನೇ ಈಗ ಇಲ್ಲ. ಬಾಗಿಲ ಮೇಲಿನ ನಕ್ಷೆಯಲ್ಲಿ ಕೆಂಪು ಗೆರೆ ಉದ್ದಕ್ಕೂ ಹೊಸ ಹೊಸ ಹೆಸರು, ನಮ್ಮ ಕರಾಮಾಕ್ಕೆ ಬ್ಯಾಂಕಿನ ಹೆಸರು ಬಂತು, ಜಾಫಿಲಿಯಾಕ್ಕೆ ಬಟ್ಟೆ ಅಂಗಡಿಯದು, ಮರೀನಾಕ್ಕೆ ಒಬ್ಬ ಬಿಲ್ಡರ್‌ನದು, ಅದೂ ಹೋಗಿ ಇನ್ನೊಬ್ಬನದು, ನಖೀಲ್ ಅನ್ನುವುದು ಅಲ್ ಖೈಲ್ ಆಯಿತು, ನೆನಪು ಗಟ್ಟಿ ಇದ್ದವರೇ ತಪ್ಪುತ್ತಾರೆ, ಇನ್ನು ಇವರು — ಅಲ್ಲೇ ನಿಲ್ರಿ, ನಾ ಬರತೇನಿ, ಅಂದೆನೋ ಇಲ್ಲವೋ, ಅನ್ನುವಷ್ಟರಲ್ಲಿ ಕಟ್ ಆಗಿತ್ತೋ.

ಇವರಿಗೆ ಇಲ್ಲಿ ದಾರಿ ತಪ್ಪುವುದೆಂದರೇನು, ಅಡಿವೆಪ್ಪ ಎಂಜಿನಿಯರ್‌ಗೆ, ಈ ಕಂಬಗಳ ಮೇಲೆ ರೈಲು ಬರುವ ಮೊದಲು ಕಾಲಿಂದ ನಡೆದವರಿಗೆ. ಆಗ ಶೇಖ್ ಝಾಯೆದ್ ರಸ್ತೆ ತುಂಬ ಕ್ರೇನು, ಕಂಬ ಎದ್ದಿದೆ ಮೇಲೆ ಏನೂ ಇಲ್ಲ, ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ ನನಗೆ ಅದು ಅರ್ಧಕ್ಕೇ ಬಿಟ್ಟ ಊರಿನಂತೆ ಕಂಡಿತ್ತು, ಇವರು ಸಂಜೆ ಬಂದು ತಲೆ ಕೊಡವಿದರೆ ಸಿಮೆಂಟಿನ ಪುಡಿ ಉದುರುತ್ತಿತ್ತು, ಒಂದೊಂದು ಬೋಲ್ಟೂ ನೋಡಬೇಕು ನೀಲಾ, ಮಂದಿ ಕಣ್ಣು ಮುಚ್ಚಿ ಹತ್ತತಾರ, ಅನ್ನುತ್ತಿದ್ದರು. ಎರಡು ಸಾವಿರದ ಒಂಬತ್ತು, ರಮಝಾನ್ ತಿಂಗಳು, ಜನರಿಗೆ ಬಿಟ್ಟ ಮೊದಲ ದಿನವೇ ಹತ್ತಿಸಿದರು, ಅಭಿಜೀತ ಮುಂದಿನ ಗಾಜಿಗೆ ಮೂಗು ಒತ್ತಿ, ಪಪ್ಪಾ, ವೇರ್ ಈಸ್ ದ ಡ್ರೈವರ್, ಡ್ರೈವರ್ ಇಲ್ಲೋ ತಮ್ಮಾ, ಪಪ್ಪಾ ನೋಡ್ಯಾನಲ್ಲ ಲೈನು, ಸಾಕು, ಅಂದಿದ್ದರು ಇವರು — ಎಲ್ಲಾ ಸ್ಟೇಷನ್ ತೆರೆದಿರಲಿಲ್ಲ, ಎಷ್ಟೋ ಕಡೆ ನಿಲ್ಲದೆ ಹೋಯಿತು, ಕೊನೆಗೆ ನಖೀಲ್, ಖಲಾಸ್, ಎಲ್ಲರೂ ಇಳಿಯಿರಿ. ಅದಕ್ಕೇ. ಅದಕ್ಕೇ ಇಳಿದಿದ್ದಾರೆ. ಆಮೇಲೆ ಜೆಬೆಲ್ ಅಲಿ ದಾಟಿದ್ದು, ಎಕ್ಸ್‌ಪೋ ಕಡೆಗೆ ಟಿಸಿಲೊಡೆದದ್ದು, ಅದೇ ಟಿಸಿಲಿನಲ್ಲಿ ಇಷ್ಟು ವರ್ಷ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾಂಕ್ರೀಟ್ ಫ್ಯಾಕ್ಟರಿಗೆ ದಿನಾ ಹೋಗಿ ಬಂದದ್ದು, ಎಲ್ಲ ಅವರ ತಲೆಯಿಂದ ಕಳಚಿ ಬಿದ್ದಿದೆ, ಬರೀ ಮೊದಲ ದಿನ ಉಳಿದಿದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಾ ಇಳಿಯುವ ಸ್ಟೇಷನ್ ಹೆಸರು ಬಾಯಿಪಾಠ ಮಾಡಿಸುತ್ತೇನೆ, ಇವತ್ತೂ ಮಾಡಿಸಿದೆ, ಹೇಳಿದರಲ್ಲ, ಸರಿಯಾಗೇ ಹೇಳಿದರಲ್ಲ. ಅಭಿಜೀತನಿಗೆ ಅಬುಧಾಬಿಗೆ ಫೋನ್ ಮಾಡಿದರೆ ಮತ್ತೆ ಅದೇ, ಮಮ್ಮಿ, ಜಸ್ಟ್ ಟೆಲ್ ಹಿಸ್ ಆಫೀಸ್, ಅವನಿಗೇನು ಸುಲಭ, ಆಫೀಸಿಗೆ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ, ವೀಸಾ ಹೋದರೆ ಈ ಮನೆ, ಈ ಊರು, ಮುಂಜಾನೆ ಎದ್ದು ಬೂಟು ಹಾಕಿಕೊಳ್ಳುವುದೊಂದೇ ಅವರನ್ನು ಹಿಡಿದು ನಿಲ್ಲಿಸಿದೆ, ಅದನ್ನೂ ಕಿತ್ತುಕೊಂಡರೆ — ಇನ್ನೂ ಇಂಟರ್ನೆಟ್ ಸಿಟಿ ಸ್ಟೇಷನ್, ಹತ್ರೀ, ಯಲ್ಲಾ, ಬೇಗ ಹತ್ರೀ ಎಲ್ಲಾರೂ — ನಖೀಲ್‌ನಿಂದ ಇವರು ರಸ್ತೆಗಿಳಿದಿದ್ದರೆ, ಹನ್ನೆರಡು ಸಾಲು ಕಾರು, ಈ ಬಿಸಿಲು, ಫೋನು ಎತ್ತರಿ, ಎತ್ತರಿ.

ಅಲ್ ಖೈಲ್, ಅನ್ನುತ್ತಿದೆ ದನಿ, ಬಾಗಿಲು ತೆರೆಯಿತು, ಯಾರನ್ನೋ ತಳ್ಳಿದೆ, ಸಾರಿ, ಸಾರಿ, ಆ ತುದಿಯಲ್ಲಿ ಗುಂಪು, ಅಲ್ಲೇ, ದೇವರೇ, ಅಲ್ಲೇ ನಿಂತಿದ್ದಾರೆ, ಪ್ಲಾಟ್‌ಫಾರ್ಮಿನ ಅಂಚಿನ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ, ಯಾರನ್ನೂ ಹತ್ತಲು ಬಿಡದೆ, ಮಾಫಿ, ಮಾಫಿ, ಅರಬ್ಬಿಯಲ್ಲಿ ಇಲ್ಲ ಇಲ್ಲ ಅಂತ, ಆಗೇ ಲೈನ್ ನಹೀ ಹೈ, ಚೆಕ್ ನಹೀ ಹುವಾ, ಯಾರೋ ನಗುತ್ತಾ ಮೊಬೈಲ್ ಹಿಡಿದಿದ್ದಾನೆ, ಯಾರೋ ಬೈಯುತ್ತಿದ್ದಾನೆ, ನಾನು ಬಂದ ರೈಲು ಅವರ ಬೆನ್ನ ಹಿಂದೆಯೇ ಮುಂದಕ್ಕೆ ಹೋಯಿತು, ಅವರು ತಿರುಗಿಯೂ ನೋಡಲಿಲ್ಲ. ರೀ, ಅಂದೆ. ಸ್ಟೇಷನ್ನಿನ ಹುಡುಗಿ, ಎದೆಯ ಮೇಲೆ ನಾಫಿಯಾ ಅಂತ ಹೆಸರು, ನನ್ನ ಕನ್ನಡ ಕೇಳಿ, ಆಂಟಿ, ಇವರು ನಿಮ್ಮವರಾ, ನಾವು ಉಳ್ಳಾಲದವರು, ಗಾಬರಿ ಆಗ್ಬೇಡಿ, ಯಾವ ಕಂಪನಿ ಇವರದ್ದು, ಅವರಿಗೆ ಹೇಳ್ಬೇಕಾ, ಅವಳ ಕಣ್ಣು ಇವರ ಕೊರಳಿನ ಕಾರ್ಡಿನ ಮೇಲೆ, ಬೀಪಿ ಅನ್ನಲೇ, ಸಕ್ಕರೆ ಕಡಿಮೆಯಾಗಿದೆ ಅನ್ನಲೇ, ಇಷ್ಟು ದಿನ ಅಂದಂತೆ — ಇವರಿಗೆ ಮರೆವಿನ ಕಾಯಿಲೆ ಐತವ್ವಾ, ಅಂದುಬಿಟ್ಟೆ, ಎಲ್ಲರೆದುರು, ಜೋರಾಗಿ, ಆಫೀಸಿಗೆ ನಾನ ಹೇಳತೇನಿ, ಇವತ್ತ ಹೇಳತೇನಿ. ಅವರ ಹತ್ತಿರ ಹೋಗಿ, ರೀ, ಮುಂದಿನ ಲೈನ್ ಆಗೇತ್ರಿ, ಅಂದೆ. ಯಾರು ನೋಡ್ಯಾರ, ಅಂದರು. ನೀವ ನೋಡೀರಿ, ಜೆಬೆಲ್ ಅಲಿ ತನಕ ನೀವ ನಡದು ನೋಡಿ ಬಂದೀರಿ. ನಾನಾ, ಅಂದರು, ಮಗುವಿನ ಹಾಗೆ, ಚಾಚಿದ ಕೈಗಳನ್ನೇ ನೋಡಿಕೊಂಡರು, ಒಂದನ್ನು ಇಳಿಸಿದರು, ತಿರುಗಿ ಇನ್ನೊಂದನ್ನು ಗಾಜಿಗೆ ಒತ್ತಿ ಹಳಿಯ ದೂರಕ್ಕೆ ಕಣ್ಣು ಹಾಯಿಸಿದರು, ಎಲ್ಲಾ ಬೋಲ್ಟ್ ನೋಡೇನೇನು, ಎಲ್ಲಾ ನೋಡೀರಿ, ಅಷ್ಟರಲ್ಲಿ ಮುಂದಿನ ರೈಲು ಬಂತು, ಗಾಜು ಅಂಗೈಯ ಕೆಳಗಿನಿಂದ ಜಾರಿ ಸರಿಯಿತು, ಜನ ಅವರ ಎರಡೂ ಪಕ್ಕದಿಂದ ಒಳಗೆ ಹೋದರು, ಅಂಗೈ ಮಾತ್ರ ಎತ್ತಿದಲ್ಲೇ, ಒತ್ತಿಕೊಂಡಂತೆಯೇ, ಎದುರು ಏನೂ ಇಲ್ಲ — ಹತ್ತೋಣೇನ್ರಿ, ಅನ್ನಬೇಕು — ಬಾಗಿಲು ತೆರೆದೇ ಇದೆ, ಆ ಅಂಗೈ, ಗಾಳಿಯಲ್ಲಿ, ಬೆರಳು ಬಿಡಿಸಿಕೊಂಡು, ಆ ಅಂಗೈ —