ಹದಿನೈದನೆಯ ಕೋಲು

ಕೊಕ್ಕೆಚಾಕುವನ್ನು ಕೋಲಿನ ಹಿಡಿಗೆ ತೊಡಿಸಿದ್ದ ರಬ್ಬರಿನೊಳಗೆ ತೂರಿಸಿ ಒಂದೇ ಎಳೆತಕ್ಕೆ ಎಳೆದಳು. ಗ್ರಿಪ್ಪು ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೆ ಬಿಚ್ಚಿಕೊಂಡಿತು. ಒಳಗಿನ ಅಂಟುಪಟ್ಟಿ ಇನ್ನೂ ಹೊಸದಾಗಿಯೇ ಇತ್ತು. ಇರದೆ ಏನು? ಹೋದ ತಿಂಗಳು ಅದನ್ನು ಸುತ್ತಿದವಳು ಅವಳೇ. ಅದರ ಹಿಂದಿನ ತಿಂಗಳೂ ಅವಳೇ. ಒಂದಿಷ್ಟೂ ಸವೆಯದ ಗ್ರಿಪ್ಪನ್ನು ಕಸದ ಡಬ್ಬಿಗೆ ಹಾಕುವಾಗ ಪ್ರತಿಸಲದಂತೆ ಈ ಸಲವೂ ಅಯ್ಯೋ ಅನ್ನಿಸಿತು. ಜೊತೆಗೆ ತುಟಿಯ ಮೂಲೆಯಲ್ಲಿ ಒಂದು ನಗುವೂ ಬಂತು.

ಗಾಲ್ಫ್ ಮೈದಾನದ ಹಿಂಬದಿಯ ಈ ರಿಪೇರಿ ಕೋಣೆಯಲ್ಲಿ ಅವಳು ಬಹಳ ವರ್ಷಗಳಿಂದ ಇದ್ದಾಳೆ. ಆಟಗಾರರ ಕೋಲುಗಳ ಹಳೆಯ ಗ್ರಿಪ್ ತೆಗೆದು ಹೊಸದು ಹಾಕುವುದು, ಸಡಿಲವಾದ ತಲೆಗಳನ್ನು ಅಂಟಿಸುವುದು, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದು ಅವಳ ಕೆಲಸ. ಅವಳ ಹೆಸರು ಎಲ್ಲರಿಗೂ ಮರೆತೇ ಹೋಗಿ, ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಬಾಯಲ್ಲೂ ಗ್ರಿಪ್ಪಕ್ಕ ಆಗಿದ್ದಳು. ದೊಡ್ಡ ದೊಡ್ಡ ವೃತ್ತಿಪರ ಆಟಗಾರರೂ ಟೂರ್ನಮೆಂಟಿನ ಹಿಂದಿನ ದಿನ ಈ ಕೋಣೆಯ ಬಾಗಿಲಲ್ಲಿ ಮಕ್ಕಳ ಹಾಗೆ ನಿಲ್ಲುತ್ತಿದ್ದರು. ಒಬ್ಬನಂತೂ ಅವಳು ಕೊಟ್ಟ ಎಚ್ಚರಿಕೆ ಕೇಳದೆ, ಅಂಟು ಒಣಗುವ ಮೊದಲೇ ಕೋಲನ್ನು ಎತ್ತಿಕೊಂಡು ಹೋಗಿ, ಸಾವಿರ ಜನರ ಎದುರು ಬೀಸಿದ್ದ. ಚೆಂಡು ಅಲ್ಲೇ ಕಾಲಬುಡದಲ್ಲಿ ಬಿತ್ತು, ಕೋಲಿನ ತಲೆ ಹಾರಿ ಹೋಗಿ ಕೆರೆಗೆ ಬಿತ್ತು. "ಈವತ್ತಿನ ಅತಿ ಉದ್ದದ ಹೊಡೆತ ನನ್ನದೇ ಕಣ್ರಪ್ಪಾ" ಎಂದು ಆ ಪುಣ್ಯಾತ್ಮ ಬರೀ ದಂಟನ್ನು ಎತ್ತಿ ಹಿಡಿದು ಜನರಿಗೆ ನಮಸ್ಕಾರ ಮಾಡಿದ್ದನ್ನು ನೆನೆದರೆ ಈಗಲೂ ಅವಳ ಪಕ್ಕೆ ನೋಯುವಷ್ಟು ನಗು ಬರುತ್ತದೆ.

ಆದರೆ ಈಗ ಕೋಲನ್ನು ಕಚ್ಚಿ ಹಿಡಿಯುವ ವೈಸಿನ ಬಾಯಲ್ಲಿ ಕೂತಿರುವುದು ಚೆಂಡನ್ನು ಕುಳಿಗೆ ತಳ್ಳುವ ಕೋಲು, ಪಟರ್. ಅದು ಯಾವ ಆಟಗಾರನದೂ ಅಲ್ಲ. ಹಿತ್ತಾಳೆ ತಲೆಯ, ತೆಳ್ಳನೆಯ, ಹಳೇ ಕಾಲದ ಆ ಪಟರ್ ಕೂಗುಮಾಸ್ತರದು.

ಕೂಗುಮಾಸ್ತರು ಮೊದಲು ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಹೆಸರು ಕೂಗುತ್ತಿದ್ದರು. ನಿವೃತ್ತಿಯಾದ ಮೇಲೆ ಇಲ್ಲಿ, ಆಟ ಶುರುವಾಗುವ ಹುಲ್ಲುಗಟ್ಟೆಯ ಪಕ್ಕ ಮೈಕು ಹಿಡಿದು, ಆಟಗಾರರ ಹೆಸರು ಕೂಗುವ ಕೆಲಸಕ್ಕೆ ಸೇರಿಕೊಂಡರು. "ಗಾಡಿಗಳಿಗಿಂತ ಇವರು ವಾಸಿ, ಹೇಳಿದ ಹೊತ್ತಿಗೆ ಬರ್ತಾರೆ" ಎನ್ನುತ್ತಿದ್ದರು. ಸಾವಿರಾರು ಹೆಸರುಗಳನ್ನು ಒಂದೂ ಎಡವದೆ ಕೂಗಿದ ಆ ಗಂಟಲು ಗ್ರಿಪ್ಪಕ್ಕನ ಎದುರು ಮಾತ್ರ ಒಣಗಿಹೋಗುತ್ತಿತ್ತು. ಅದಕ್ಕೇ ಕಳೆದ ಚಳಿಗಾಲದಲ್ಲಿ ಒಂದು ಕಾಗದ ಬರೆದು, ಪಟರ್‌ನ ತಲೆಗೆ ತೊಡಿಸುವ ಉಣ್ಣೆಯ ಟೋಪಿಯೊಳಗೆ ಮಡಚಿಟ್ಟು ಕೊಟ್ಟುಹೋಗಿದ್ದರು. ನಾನು ಒಬ್ಬನೇ ಇದ್ದೇನೆ, ನೀವೂ ಹೆಚ್ಚುಕಡಿಮೆ ಹಾಗೇ ಇದ್ದೀರಿ, ಮದುವೆಯಾಗಿ ಒಟ್ಟಿಗೆ ಇರಬಹುದೇ ಎಂದು ಕೇಳಲು ಬಾಯಿ ಬರುತ್ತಿಲ್ಲ. ಉತ್ತರವನ್ನು ಅಂಚೆಗೆ ಹಾಕಿ. ಎದುರಿಗೇ ಇಲ್ಲ ಅನ್ನಿಸಿಕೊಂಡರೆ ಮತ್ತೆ ನಿಮ್ಮ ಕೋಣೆಗೆ ಬರಲು ನನಗೆ ಮುಖವಿರುವುದಿಲ್ಲ. ಇಷ್ಟೇ ಇತ್ತು.

ಅವಳು ಮರುದಿನವೇ ಉತ್ತರ ಬರೆದಿದ್ದಳು. ಆಗಬಹುದು ಎಂದು. ಲಕೋಟೆಗೆ ಹಾಕಿ, ವಿಳಾಸ ಬರೆದು, ಸ್ಟಾಂಪು ಕೂಡ ಅಂಟಿಸಿ, ಅಂಟುಪಟ್ಟಿಯ ಸುರುಳಿಗಳಿದ್ದ ಡ್ರಾಯರಿಗೆ ಹಾಕಿದಳು. ಅಲ್ಲಿಂದ ಅದು ಮೇಲೆ ಬರಲಿಲ್ಲ.

ಕಾರಣ ಕೋಣೆಯ ಮೂಲೆಯಲ್ಲೇ ಇತ್ತು. ಒಂದು ಮರದ ಕುರ್ಚಿ. ಅವಳ ಗಂಡ ಇದೇ ಮೈದಾನದ ಹುಲ್ಲು ಕತ್ತರಿಸುತ್ತಿದ್ದವನು. ಮಧ್ಯಾಹ್ನ ಬಂದು ಆ ಕುರ್ಚಿಯಲ್ಲಿ ಕೂತು ಬೂಟಿನೊಳಗಿನ ಹುಲ್ಲು ಕೊಡವುತ್ತಿದ್ದ. ಅವನು ತೀರಿಹೋದ ವರ್ಷ ಯಾರೋ ಗಿರಾಕಿ ಅದರಲ್ಲಿ ಕೂತಾಗ ಪುಟ್ಟ ಮಗಳು ಕಿರುಚಿ ಅತ್ತು, "ಅಪ್ಪನ ಕುರ್ಚೀಲಿ ಯಾರೂ ಕೂರಬಾರದು" ಎಂದು ಹಟ ಹಿಡಿದಿದ್ದಳು. ಅಂದಿನಿಂದ ಅದರಲ್ಲಿ ಯಾರೂ ಕೂರಲಿಲ್ಲ. ಕೂಗುಮಾಸ್ತರು ಬಂದಾಗಲೂ ಗ್ರಿಪ್ಪಕ್ಕ ಕೂತುಕೊಳ್ಳಿ ಎನ್ನುತ್ತಿರಲಿಲ್ಲ. ಅವರು ಸೊಂಟದ ನೋವಿನಲ್ಲೂ ಬಾಗಿಲಿಗೆ ಒರಗಿ ನಿಂತು, ಅವಳು ಪಟ್ಟಿ ಸುತ್ತುವುದನ್ನು, ತಿನ್ನರ್ ಸುರಿಯುವುದನ್ನು, ಗ್ರಿಪ್ಪನ್ನು ಒಂದೇ ಉಸಿರಿಗೆ ದಂಟಿಗೆ ತಳ್ಳುವುದನ್ನು ನೋಡುತ್ತಿದ್ದರು. ಕಾಗದದ ಮಾತು ಒಂದು ದಿನವೂ ಎತ್ತಲಿಲ್ಲ. ತಿಂಗಳಿಗೊಮ್ಮೆ ಪಟರ್ ತರುವುದನ್ನೂ ಬಿಡಲಿಲ್ಲ.

ಮಗಳು ಈಗ ಕಾಲೇಜು ತಂಡದ ಆಟಗಾರ್ತಿ. ಅಂತರ ಕಾಲೇಜು ಟೂರ್ನಮೆಂಟಿನ ಕೊನೆಯ ದಿನ ಇವತ್ತು. ನಿನ್ನೆಯವರೆಗೆ ಎಲ್ಲರಿಗಿಂತ ಒಂದು ಹೊಡೆತ ಮುಂದಿದ್ದಾಳೆ.

ಹೊಸ ಗ್ರಿಪ್ ಕೂರಿಸಿ, ಬಟ್ಟೆಯಲ್ಲಿ ಒರೆಸುತ್ತಿರುವಾಗಲೇ ಹೊರಗೆ ಮೊಳೆ ಬೂಟುಗಳ ಕರಕರ ಕೇಳಿಸಿತು.

"ಅಮ್ಮಾ, ನನ್ನ ಬ್ಯಾಗ್ ರೆಡಿನಾ?"

ಗ್ರಿಪ್ಪಕ್ಕ ಸರಕ್ಕನೆ ಪಟರನ್ನು ವೈಸಿನಿಂದ ಬಿಡಿಸಿದಳು. ಹೋದ ತಿಂಗಳಷ್ಟೇ ಮಗಳು ಇದೇ ಪಟರನ್ನು ಇದೇ ವೈಸಿನಲ್ಲಿ ನೋಡಿ, "ಮತ್ತೆ ಇದೇನಾ?" ಎಂದು ಹುಬ್ಬು ಏರಿಸಿದ್ದಳು. ಈಗಲೂ ನೋಡಿದರೆ ಏನೆಂದುಕೊಂಡಾಳು? ತಿರುಗಿ ನೋಡುವಷ್ಟೂ ಪುರಸೊತ್ತಿಲ್ಲದೆ, ಬೆನ್ನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಬ್ಯಾಗುಗಳಲ್ಲಿ ಕೈಗೆ ಸಿಕ್ಕಿದ್ದಕ್ಕೆ ಪಟರನ್ನು ತುರುಕಿದಳು. ರಿಪೇರಿಗೆ ಬಂದಿದ್ದ ಒಬ್ಬ ದಂತವೈದ್ಯರ ಬ್ಯಾಗು ಅದು ಎಂದುಕೊಂಡಳು.

"ರೆಡಿ ಇದೆ ಕಣೇ. ಎಲ್ಲಾ ಒರೆಸಿ, ಎಣಿಸಿ ಇಟ್ಟಿದ್ದೀನಿ."

"ಯಾಕೆ ಹಿಂಗೆ ಬೆವರ್ತಿದ್ದೀಯ? ಆಡೋಳು ನಾನು."

"ನಿನ್ನ ಬದಲು ನಾನು ಬೆವರಿದ್ರೆ ನಿನ್ನ ಕೈ ಜಾರಲ್ಲ ಅಂತ. ಹೋಗು, ಹೋಗು."

ಮಗಳು ನಕ್ಕು, ಗೋಡೆಗೊರಗಿದ್ದ ನೀಲಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೊರಟಳು.

ಹುಲ್ಲುಗಟ್ಟೆಯ ಸುತ್ತ ಹಗ್ಗ ಕಟ್ಟಿದ್ದರು. ಕಾಲೇಜು ಟೂರ್ನಮೆಂಟೆಂದರೆ ದೊಡ್ಡವರ ಟೂರ್ನಮೆಂಟಿನ ಗಾಂಭೀರ್ಯ ಇರುವುದಿಲ್ಲ. ಒಬ್ಬಳು ತನ್ನ ಉದ್ದನೆಯ ಕೋಲಿನ ತಲೆಗೆ ಅಜ್ಜಿಯ ಹಳೇ ಕಾಲುಚೀಲ ತೊಡಿಸಿದ್ದಳು, ಅದರ ಹೆಬ್ಬೆರಳಿನ ಜಾಗದಲ್ಲಿ ತೂತು ಬೇರೆ. ಮೌನ ಎಂಬ ಫಲಕ ಎತ್ತಿ ಹಿಡಿದಿದ್ದ ದಪ್ಪನೆಯ ಮನುಷ್ಯನಿಗೆ ಸೀನಿನ ಮೇಲೆ ಸೀನು. ಫಲಕ ಮೇಲೇರಿದಾಗಲೆಲ್ಲ ಅವನದೇ ಸದ್ದು. ಗ್ರಿಪ್ಪಕ್ಕ ಹಗ್ಗದ ಈಚೆ, ಮೊದಲ ಸಾಲಿನಲ್ಲಿ ನಿಂತಳು.

ಕೂಗುಮಾಸ್ತರು ಟೈ ಸರಿಮಾಡಿಕೊಂಡು ಹುಡುಗಿಯರ ಕಡೆ ತಿರುಗಿದರು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಕೋಲು ಎಣಿಸಿಕೊಂಡ್ರಾ ತಾಯಂದಿರಾ? ಹದಿನಾಲ್ಕರ ಮೇಲೆ ಒಂದು ಹೆಚ್ಚಿದ್ರೂ ದಂಡ."

"ನಮ್ಮಮ್ಮ ಎಣಿಸಿದ್ದಾಳೆ ಮಾಸ್ಟ್ರೇ" ಎಂದಳು ಮಗಳು.

"ಹಾಗಾದ್ರೆ ನಾನು ಬಾಯಿ ಮುಚ್ಚಿಕೊಳ್ಳೋದೇ ಸರಿ" ಎಂದು ಅವರು ಗ್ರಿಪ್ಪಕ್ಕನ ಕಡೆ ನೋಡಿಯೂ ನೋಡದ ಹಾಗೆ ನೋಡಿದರು.

ಮಗಳ ಮೊದಲ ಹೊಡೆತ ದಾರಿಯ ನಟ್ಟನಡುವೆ ಬಿತ್ತು. ಎರಡನೆಯದು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ. ಗ್ರಿಪ್ಪಕ್ಕ ಹಗ್ಗದ ಪಕ್ಕದಲ್ಲೇ ನಡೆಯುತ್ತಾ ಬಂದಳು. ಮಗಳು ಬ್ಯಾಗಿಗೆ ಕೈ ಹಾಕಿ ಪಟರ್ ಎಳೆದಳು. ಅದರ ತುದಿಯಲ್ಲಿ ಹಿತ್ತಾಳೆಯ ತಲೆ ಬಿಸಿಲಿಗೆ ಫಳಫಳ ಹೊಳೆಯಿತು.

ಗ್ರಿಪ್ಪಕ್ಕನ ಕೈ ತಾನಾಗಿ ಬಾಯಿಗೆ ಹೋಯಿತು.

ಮಗಳು ಪಟರನ್ನು ನೋಡಿದಳು. ಬ್ಯಾಗಿನೊಳಗೆ ನೋಡಿದಳು. ಅಲ್ಲಿ ಅವಳ ಸ್ವಂತ ಪಟರ್ ತಣ್ಣಗೆ ಕೂತಿತ್ತು. ಜೊತೆಯಲ್ಲಿ ಆಡುತ್ತಿದ್ದ ಕಾಲುಚೀಲದ ಹುಡುಗಿ ಇಣುಕಿ, "ಎರಡೆರಡು ಪಟರಾ? ಒಂದು ಊಟಕ್ಕೆ ಮುಂಚೆ, ಒಂದು ಊಟ ಆದ್ಮೇಲಾ?" ಎಂದಳು.

ಸದ್ದಿಲ್ಲದೆ ಮತ್ತೆ ಒಳಗೆ ತುರುಕಿದ್ದರೆ ಬಹುಶಃ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗಳು ಹಾಗೆ ಮಾಡಲಿಲ್ಲ. ಕೋಲುಗಳನ್ನೆಲ್ಲ ಹುಲ್ಲಿನ ಮೇಲೆ ಹರಡಿ ಎಣಿಸಿದಳು. ಆಮೇಲೆ ಶಾಲೆಯಲ್ಲಿ ಎತ್ತಿದ ಹಾಗೆ ಕೈ ಎತ್ತಿ ರೆಫರಿಯನ್ನು ಕರೆದಳು.

ರೆಫರಿ ಎತ್ತರದ, ನಗುವನ್ನೇ ಅರಿಯದ ಹೆಂಗಸು. "ಹದಿನೈದು. ಎರಡು ಹೊಡೆತ ದಂಡ. ಇನ್ನು ಈ ಕೋಲು ಆಟದಲ್ಲಿಲ್ಲ ಅಂತ ಹೇಳಿಬಿಡು."

"ಆಟದಲ್ಲಿಲ್ಲ."

"ಯಾರದಿದು?"

ಮಗಳು ಹಗ್ಗದ ಕಡೆ ತಿರುಗಿ ತಾಯಿಯ ಮುಖ ನೋಡಿದಳು. ಅಳುವೋ ನಗುವೋ ತಿಳಿಯದ ಒಂದು ಭಾವ ಅವಳ ಮೂಗಿನ ತುದಿಯಲ್ಲಿ ಕೂತಿತ್ತು. "ಗೊತ್ತಿದೆ. ವಾರಸುದಾರರಿಗೆ ತಲುಪಿಸ್ತೀನಿ" ಎಂದು ಹಗ್ಗದ ಬಳಿ ಬಂದು ಪಟರನ್ನು ತಾಯಿಯ ಕೈಗಿಟ್ಟಳು. "ನೀನೇ ಕೊಟ್ಟು ಬಾ."

"ನನ್ನ ಬುದ್ಧಿಗೆ ಮಂಕು ಕವಿದಿತ್ತು ಕಣೇ..."

"ಆಮೇಲೆ ಅಮ್ಮಾ. ಈಗ ಆಡ್ಬೇಕು ನಾನು."

ಬಂದ ದಾರಿಯುದ್ದಕ್ಕೂ, ಅಷ್ಟೂ ಜನರ ಎದುರು, ಆ ಹಿತ್ತಾಳೆ ತಲೆಯನ್ನು ಸೆರಗಿನಲ್ಲಿ ಮುಚ್ಚಲು ನೋಡುತ್ತಾ ಗ್ರಿಪ್ಪಕ್ಕ ನಡೆದಳು. ಪಟರ್ ಸೆರಗಿಗಿಂತ ಉದ್ದವಿತ್ತು. "ಗ್ರಿಪ್ಪಕ್ಕ ಆಟಕ್ಕೆ ಇಳಿದುಬಿಟ್ಳಲ್ಲೋ!" ಎಂದು ಯಾರೋ ಕೂಗಿದರು. ಮೌನದ ಫಲಕದವನು ಸೀನಿದ.

ಕೂಗುಮಾಸ್ತರು ಮುಂದಿನ ಗುಂಪಿನ ಹೆಸರು ಕೂಗಿ ಮುಗಿಸಿ, ಅಭ್ಯಾಸಬಲದಿಂದ ಮೈಕಿಗೆ ಅಂಗೈ ಮುಚ್ಚಿದರು.

"ಗ್ರಿಪ್ ಒಣಗಿದೆ" ಎಂದಳು ಅವಳು.

"ಇದು ಆ ಕಡೆಯಿಂದ ಯಾಕೆ ಬಂತು?"

"ಮಗಳ ಬ್ಯಾಗಲ್ಲಿತ್ತು. ನಾನೇ ಹಾಕಿಬಿಟ್ಟಿದ್ದೆ. ಎರಡು ಹೊಡೆತ ಹೋಯ್ತು."

ಅವರ ಮುಖ ಸಪ್ಪಗಾಯಿತು. ಪಟರನ್ನು ತೆಗೆದುಕೊಂಡು, ಹೊಸ ಗ್ರಿಪ್ಪಿನ ಮೇಲೆ ಹೆಬ್ಬೆರಳಾಡಿಸಿದರು. "ಎಲ್ಲಾ ನನ್ನಿಂದ. ಸವೆಯದ್ದನ್ನ ಸವೆದಿದೆ ಅಂತ ಹೊತ್ತು ತಂದು ನಿಮಗೂ ತೊಂದರೆ, ಆ ಮಗೂಗೂ ತೊಂದರೆ. ಇನ್ನು ಇದನ್ನ ನಿಮ್ಮ ಕೋಣೆಗೆ ತರಲ್ಲ. ನಾನೂ ಬರಲ್ಲ ಬಿಡಿ."

ಹಾಗಲ್ಲ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಹುಡುಗಿಯರು ಬಂದು ನಿಂತರು. ಮಾಸ್ತರು ಮೈಕಿನಿಂದ ಕೈ ತೆಗೆದು, ಗಂಟಲು ಸರಿಮಾಡಿಕೊಂಡು, ಹೆಸರು ಕೂಗಿದರು. ಮೊಟ್ಟಮೊದಲ ಸಲ ಒಂದು ಹೆಸರಿನ ನಡುವೆ ತಡವರಿಸಿದರು.

ಟೂರ್ನಮೆಂಟಿನ ಕಪ್ಪು ಸಂಜೆ ಕಾಲುಚೀಲದ ಹುಡುಗಿಗೆ ಹೋಯಿತು. ಮಗಳಿಗೆ ಅದು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಗ್ರಿಪ್ಪಕ್ಕ ಕೋಣೆಯ ಮೇಜನ್ನು ಒರೆಸಿದ ಜಾಗವನ್ನೇ ಒರೆಸುತ್ತಿದ್ದಳು. ಮಗಳು ಬಂದು ಬ್ಯಾಗನ್ನು ಕೆಳಗಿಟ್ಟಳು. ಕಣ್ಣು ಕೆಂಪಾಗಿತ್ತು, ಎಲ್ಲೋ ಮರೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಬಂದಿದ್ದಳು.

"ಬೈದುಬಿಡೇ. ನಿನ್ನ ಬಾಯಿಗೆ ಬಂದಿದ್ದೆಲ್ಲ ಅಂದುಬಿಡು."

"ಬೈಬೇಕು ಅಂತಲೇ ಬಂದೆ. ಬೂಟು ಕಚ್ತಾ ಇದೆ, ಮೊದಲು ಕೂತ್ಕೋತೀನಿ ಇರು" ಎಂದು ಸೀದಾ ಮೂಲೆಗೆ ಹೋಗಿ, ಕುರ್ಚಿಯ ಧೂಳನ್ನು ಟೋಪಿಯಿಂದ ಹೊಡೆದು, ಕೂತೇಬಿಟ್ಟಳು. ಕುರ್ಚಿ ಕಿರ್ರೆಂದಿತು.

ಗ್ರಿಪ್ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತಲ್ಲೇ ನಿಂತಳು.

"ಏನು ಹಂಗೆ ನೋಡ್ತೀಯ?"

"ಅದು... ಅಪ್ಪನ ಕುರ್ಚಿ."

"ಹೌದು. ಅದಕ್ಕೇನೀಗ?" ಮಗಳು ಬೂಟು ಬಿಚ್ಚಿ ಒಳಗಿನ ಹುಲ್ಲನ್ನು ನೆಲಕ್ಕೆ ಕೊಡವಿದಳು. "ನಾನೂ ಕೇಳ್ಬೇಕು ಅಂತಿದ್ದೆ. ಮಾಸ್ಟ್ರು ಬಂದಾಗೆಲ್ಲ ಪಾಪ ಸೊಂಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರಲ್ಲ, ಕೂತ್ಕೊಳ್ಳಿ ಅನ್ನೋಕೆ ನಿನಗೇನು ಕಷ್ಟ?"

"ನೀನೇ ಹೇಳಿದ್ದಲ್ಲೇ, ಯಾರೂ ಕೂರಬಾರದು ಅಂತ!"

ಮಗಳು ಬಾಯಿ ತೆರೆದು ನೋಡಿದಳು. "ಆಗ ನನಗೆ ಮುಂದಿನ ಹಲ್ಲೇ ಇರ್ಲಿಲ್ಲಮ್ಮ! ಅವತ್ತು ಚಂದ್ರನ್ನ ತಂದುಕೊಡು ಅಂತಲೂ ಅತ್ತಿದ್ದೆ. ತಂದುಕೊಟ್ಯಾ? ಇದೊಂದನ್ನ ಹಿಡ್ಕೊಂಡು ಕೂತಿದ್ದೀಯಲ್ಲ, ಪುಣ್ಯಾತ್ಗಿತ್ತಿ."

ಗ್ರಿಪ್ಪಕ್ಕನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅಂಟು ಮೆತ್ತಿದ ಕೈಯಲ್ಲಿ ಒರೆಸಿಕೊಳ್ಳಲಾಗದೆ ಭುಜಕ್ಕೆ ಕೆನ್ನೆ ಉಜ್ಜಿದಳು. "ಅವರು ಇನ್ನು ಬರಲ್ವಂತೆ" ಎಂದಳು.

"ಬರಲ್ವಂತಾ? ನನ್ನ ಎರಡು ಹೊಡೆತ ತಿಂದು, ಕಪ್ಪು ತಿಂದು, ಈಗ ಬರಲ್ಲ ಅಂದ್ರೆ ನಾನು ಬಿಡ್ತೀನಾ?" ಮಗಳು ಬರಿಗಾಲಲ್ಲೇ ಎದ್ದು ಬಂದು ಡ್ರಾಯರ್ ಎಳೆದಳು. ಸುರುಳಿಗಳ ಅಡಿಯಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ದಂಡ ನಾನು ಕಟ್ಟಿದೆ. ಇನ್ನು ನಿನ್ನದು."

"ಓದಿದ್ಯೇನೇ?"

"ಅವರ ವಿಳಾಸ ಬರೆದು, ಸ್ಟಾಂಪ್ ಹಚ್ಚಿದ ಲಕೋಟೆ ಚಳಿಗಾಲದಿಂದ ಡ್ರಾಯರಲ್ಲಿ ಮಲಗಿದ್ರೆ ಅದನ್ನ ಓದ್ಬೇಕೇನಮ್ಮ? ಅಂಟುಪಟ್ಟಿ ಹುಡುಕುವಾಗೆಲ್ಲ ಕೈಗೆ ಸಿಗ್ತಿತ್ತು. ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ."

ಇಷ್ಟು ದಿನ ಬಿದ್ದಿದ್ದಕ್ಕೆ ಸ್ಟಾಂಪಿನ ಒಂದು ಮೂಲೆ ಎದ್ದುಬಿಟ್ಟಿತ್ತು. ಗ್ರಿಪ್ಪಕ್ಕ ಎರಡೂ ಬದಿ ಅಂಟಿರುವ ಪಟ್ಟಿಯನ್ನು ಉಗುರಿನಷ್ಟು ಕತ್ತರಿಸಿ, ಸ್ಟಾಂಪಿನ ಕೆಳಗೆ ಸೇರಿಸಿ ಒತ್ತಿದಳು. ಗ್ರಿಪ್ಪಿಗೆ ಒತ್ತುವ ಹಾಗೆಯೇ, ಗಾಳಿಗುಳ್ಳೆ ಉಳಿಯದಂತೆ, ಹೆಬ್ಬೆರಳಿನಿಂದ.

ಅಂಚೆಪೆಟ್ಟಿಗೆ ಮೈದಾನದ ಗೇಟಿನ ಪಕ್ಕದಲ್ಲಿತ್ತು. ಹಗ್ಗಗಳನ್ನು ಸುತ್ತಿಟ್ಟಾಗಿತ್ತು. ದೂರದಲ್ಲಿ, ಅಭ್ಯಾಸದ ಹುಲ್ಲಿನ ಮೇಲೆ, ಟೈ ಸಡಿಲಿಸಿದ ಒಬ್ಬರೇ ಒಬ್ಬರು ಬೆನ್ನು ಬಗ್ಗಿಸಿ ಹಿತ್ತಾಳೆ ತಲೆಯ ಪಟರ್‌ನಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಕುಳಿಯ ಅಂಚಿಗೆ ಹೋಗಿ ನಿಂತಿತು. ಅವರು ಈ ಕಡೆ ನೋಡಲಿಲ್ಲ.

ಗ್ರಿಪ್ಪಕ್ಕ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು ಬೆರಳು ಬಿಟ್ಟಳು. ಅದು ಬೀಳಲಿಲ್ಲ. ಕೋಣೆಯ ಕೆಲಸದ ಅಂಟು ಇನ್ನೂ ಬೆರಳ ತುದಿಯಲ್ಲಿತ್ತು. ಲಕೋಟೆ ಅಲ್ಲೇ ಕಚ್ಚಿಕೊಂಡು ನೇತಾಡಿತು. ಅವಳು ಕೈಯನ್ನು ಪೆಟ್ಟಿಗೆಯೊಳಗೆ ಇನ್ನಷ್ಟು ತೂರಿಸಿ ಒಮ್ಮೆ ಕೊಡವಿದಳು, ಮತ್ತೊಮ್ಮೆ ಕೊಡವಿದಳು. ಒಳಗೆ, ತಳದಲ್ಲಿ, ಕಾಗದದ ಮೇಲೆ ಕಾಗದ ಬಿದ್ದ ಸಣ್ಣ ಸದ್ದಾಯಿತು.